ಕೋಣೆಯ ಬಾಗಿಲಲ್ಲಿ ನಿಂತವಳು

ಪ್ರತಿವರ್ಷ ಹತ್ತನೆಯ ತರಗತಿಗೆ ಮಹಾಯುದ್ಧಗಳ ಪಾಠ ಮಾಡುವಾಗ ರಾಷ್ಟ್ರಸಂಘದ ವಿಷಯ ಬರುತ್ತದೆ. ಆ ಸಂಘಕ್ಕಾಗಿ ಎಲ್ಲರಿಗಿಂತ ಹೆಚ್ಚು ದುಡಿದವರು ಅಮೆರಿಕದ ಅಧ್ಯಕ್ಷ ವುಡ್ರೋ ವಿಲ್ಸನ್. ಆದರೆ ಅಮೆರಿಕವೇ ಅದನ್ನು ಸೇರಲಿಲ್ಲ ಎಂದು ಹೇಳಿ, ಬೋರ್ಡಿನ ಮೇಲೆ ಇಸವಿ ಬರೆದು ಮುಂದಕ್ಕೆ ಹೋಗುವುದು ನನ್ನ ರೂಢಿ. ಕೆಲವು ವರ್ಷಗಳ ಹಿಂದೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, “ಮಿಸ್, ಮದುವೆ ಮನೆಯವರೇ ಊಟಕ್ಕೆ ಕೂರಲಿಲ್ಲ ಅಂದ ಹಾಗಾಯ್ತಲ್ಲ, ಯಾಕೆ?” ಎಂದು ಕೇಳಿಬಿಟ್ಟಳು. ತರಗತಿಯೆಲ್ಲ ನಕ್ಕಿತು. “ಅವರ ಸೆನೆಟ್ ಒಪ್ಪಲಿಲ್ಲಮ್ಮ” ಎಂದು ಅವಳನ್ನು ಕೂರಿಸಿದೆ. ಪರೀಕ್ಷೆಗೆ ಅಷ್ಟು ಸಾಕು. ಆದರೆ ಸಂಜೆ ಮನೆಗೆ ಬಂದು ಕಾಫಿಗೆ ನೀರಿಡುವಾಗ, ನಾನು ಅವಳಿಗೆ ಅರ್ಧ ಉತ್ತರ ಕೊಟ್ಟೆ ಎಂಬ ಚುಚ್ಚು ಮನಸ್ಸಿನಲ್ಲಿ ಉಳಿದಿತ್ತು. ಉಳಿದ ಅರ್ಧ ಒಂದು ಕಾಯಿಲೆಯ ಕೋಣೆಯ ಕಥೆ. ಅಂಥ ಕೋಣೆಯೊಂದನ್ನು ನಾನು ಒಳಗಿನಿಂದ ಬಲ್ಲೆ. ಅದಕ್ಕೇ ಇಷ್ಟು ವರ್ಷ ಆ ಮಾತನ್ನು ಹಾರಿಸಿಕೊಂಡು ಹೋಗುತ್ತಿದ್ದೆನೇನೋ.

ವಿಲ್ಸನ್ ನಮ್ಮಂತೆಯೇ ಮೇಷ್ಟರು. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿ, ಅದರ ಮುಖ್ಯಸ್ಥರಾಗಿ, ಆಮೇಲೆ ರಾಜಕೀಯಕ್ಕೆ ಬಂದವರು. 1913ರಲ್ಲಿ ಅಧ್ಯಕ್ಷರಾದರು. ಮರುವರ್ಷವೇ ಹೆಂಡತಿ ತೀರಿಕೊಂಡರು. 1915ರ ಡಿಸೆಂಬರಿನಲ್ಲಿ ಈಡಿತ್ ಎಂಬ ವಿಧವೆಯನ್ನು ಮದುವೆಯಾದರು. ಈಡಿತ್‌ಗೆ ಶಾಲೆಯ ಓದು ಹೆಚ್ಚಿರಲಿಲ್ಲ. ತೀರಿಕೊಂಡ ಮೊದಲ ಗಂಡನ ಒಡವೆ ಅಂಗಡಿಯ ವ್ಯವಹಾರ ನೋಡಿಕೊಂಡಿದ್ದ ಹೆಂಗಸು ಆಕೆ. ಯುದ್ಧ ಮುಗಿದ ಮೇಲೆ ವಿಲ್ಸನ್ ಪ್ಯಾರಿಸಿನಲ್ಲಿ ತಿಂಗಳುಗಟ್ಟಲೆ ಕುಳಿತು ಒಪ್ಪಂದ ಮಾಡಿಸಿದರು. ಅದರೊಳಗೇ ರಾಷ್ಟ್ರಸಂಘದ ಕರಾರೂ ಇತ್ತು. ಊರಿಗೆ ಮರಳಿದರೆ ಸೆನೆಟಿನಲ್ಲಿ ವಿರೋಧ. ಜನರನ್ನೇ ಕೇಳುತ್ತೇನೆ ಎಂದು 1919ರ ಸೆಪ್ಟೆಂಬರ್ 3ರಂದು ರೈಲು ಹತ್ತಿದರು. ಸುಮಾರು 8,000 ಮೈಲಿಯ ಸುತ್ತಾಟ, ದಿನಕ್ಕೊಂದೆರಡು ಭಾಷಣ, ಬಿಡದ ತಲೆನೋವು. ಸೆಪ್ಟೆಂಬರ್ 25ರಂದು ಕೊಲರಾಡೋ ರಾಜ್ಯದ ಪ್ಯೂಬ್ಲೋ ಎಂಬ ಊರಿನಲ್ಲಿ ಮಾತನಾಡಿದ ರಾತ್ರಿ ದೇಹ ಸೋತಿತು. ಮಿಕ್ಕ ಸಭೆಗಳನ್ನು ರದ್ದು ಮಾಡಿ ರೈಲನ್ನು ರಾಜಧಾನಿಗೆ ತಿರುಗಿಸಿದರು. ಅಕ್ಟೋಬರ್ 2ರಂದು ಪಾರ್ಶ್ವವಾಯು ಬಡಿದು ಎಡಭಾಗ ಪೂರ್ತಿ ಬಿದ್ದುಹೋಯಿತು. ಆಗ ಅವರಿಗೆ 62 ವರ್ಷ.

ಆಮೇಲೆ ನಡೆದದ್ದನ್ನು ಇತಿಹಾಸದ ವಿದ್ಯಾರ್ಥಿಗಳಿಗಿಂತ ನಮ್ಮಂಥ ಹೆಂಗಸರು ಬೇಗ ಅರ್ಥಮಾಡಿಕೊಳ್ಳುತ್ತೇವೆ. ಈಡಿತ್ ಬಾಗಿಲಲ್ಲಿ ನಿಂತರು. ವೈದ್ಯರಾದ ಗ್ರೇಸನ್ ಆಕೆಯ ಪಕ್ಕದಲ್ಲಿ ನಿಂತರು. ಅಧ್ಯಕ್ಷರಿಗೆ ನರಗಳ ಬಳಲಿಕೆ, ವಿಶ್ರಾಂತಿ ಬೇಕು ಎಂದಷ್ಟೇ ಹೊರಗಿನವರಿಗೆ ಹೇಳಿದರು. ಪಾರ್ಶ್ವವಾಯು ಎಂಬ ಶಬ್ದ ಆ ಬಾಗಿಲಿನಿಂದ ಆಚೆ ಬರಲಿಲ್ಲ. ಮಂತ್ರಿಗಳು ತಂದ ಕಾಗದಗಳನ್ನು ಈಡಿತ್ ತೆಗೆದುಕೊಂಡು ಒಳಗೆ ಹೋಗುವರು. ಕೆಲವು ಹಿಂದಿರುಗಿ ಬರುವುವು, ಕೆಲವು ಬರುವುದೇ ಇಲ್ಲ. ಬಂದವುಗಳ ಅಂಚಿನಲ್ಲಿ ಅಧ್ಯಕ್ಷರು ಹೀಗೆ ಹೇಳುತ್ತಾರೆ ಎಂದು ಈಡಿತ್ ಕೈಬರಹ. ಡಿಸೆಂಬರ್ 5ರಂದು ಇಬ್ಬರು ಸೆನೆಟರುಗಳು ಸ್ವತಃ ನೋಡಿಯೇ ತೀರುತ್ತೇವೆಂದು ಬಂದರು. ಬಿದ್ದುಹೋದ ಎಡಗೈಯ ಮೇಲೆ ಹೊದಿಕೆ ಎಳೆದು, ಬಲಗೈ ಮಾತ್ರ ಕಾಣುವಂತೆ ರೋಗಿಯನ್ನು ಮಲಗಿಸಿದ್ದರು. ಬಂದವರು ಸಮಾಧಾನದಿಂದಲೇ ಹಿಂದಿರುಗಿದರು. ಅಧ್ಯಕ್ಷರ ಸಮ್ಮುಖದಲ್ಲಿ ಮಂತ್ರಿಮಂಡಲದ ಸಭೆ ಸೇರಿದ್ದು 1920ರ ಏಪ್ರಿಲಿನಲ್ಲಿ, ಅಂದರೆ ಆರು ತಿಂಗಳ ಮೇಲೆ. ಅಲ್ಲಿಯವರೆಗೆ ಕೆಲಸ ನಿಲ್ಲಬಾರದೆಂದು ಸಭೆ ಕರೆಯುತ್ತಿದ್ದ ವಿದೇಶ ಮಂತ್ರಿ ಲ್ಯಾನ್ಸಿಂಗರಿಗೆ ಸಿಕ್ಕ ಬಹುಮಾನವೆಂದರೆ, ರಾಜೀನಾಮೆ ಕೊಡಿ ಎಂಬ ಕಾಗದ. ಉಪಾಧ್ಯಕ್ಷ ಮಾರ್ಷಲ್ ಅಧಿಕಾರ ಕಿತ್ತುಕೊಂಡವನೆಂಬ ಹೆಸರು ಬೇಡವೆಂದು ದೂರವೇ ಉಳಿದರು. ಅಧ್ಯಕ್ಷನಿಗೆ ಕೆಲಸ ಮಾಡಲು ಅಸಾಧ್ಯವಾದರೆ ಉಪಾಧ್ಯಕ್ಷ ನಡೆಸಬೇಕೆಂದು ಅವರ ಸಂವಿಧಾನದಲ್ಲಿ ಇತ್ತು. ಅಸಾಧ್ಯವಾಯಿತೆಂದು ಹೇಳುವವರು ಯಾರು ಎಂಬುದು ಮಾತ್ರ ಇರಲಿಲ್ಲ.

ಈ ನಡುವೆ ಒಪ್ಪಂದ ಸೆನೆಟಿಗೆ ಬಂತು. ಕೆಲವು ಷರತ್ತು ಸೇರಿಸಿದರೆ ಒಪ್ಪಲು ಸಾಕಷ್ಟು ಜನ ಸಿದ್ಧರಿದ್ದರು. ಸ್ವಲ್ಪ ಬಗ್ಗಿ ಎಂದು ತಾನೇ ಗಂಡನನ್ನು ಬೇಡಿಕೊಂಡೆ, ಅವರು ಕೇಳಲಿಲ್ಲ ಎಂದು ಈಡಿತ್ ಮುಂದೆ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾರೆ. 1919ರ ನವೆಂಬರ್ 19ರಂದು ಒಪ್ಪಂದ ಬಿದ್ದುಹೋಯಿತು. 1920ರ ಮಾರ್ಚ್ 19ರಂದು ಮತ್ತೆ ಮತಕ್ಕೆ ಹಾಕಿದಾಗ ಪರವಾಗಿ 49, ವಿರುದ್ಧ 35. ಮೂರರಲ್ಲಿ ಎರಡು ಪಾಲಿಗೆ ಏಳು ಮತ ಕಡಿಮೆ. ವಿಲ್ಸನ್ ಗಟ್ಟಿಮುಟ್ಟಾಗಿದ್ದರೂ ಹಟ ಬಿಡುತ್ತಿದ್ದರೋ ಇಲ್ಲವೋ. ಮೊದಲಿನಿಂದಲೂ ಹಟದ ಸ್ವಭಾವ. ಆದರೆ ಹೊರಗಿನ ಗಾಳಿ ಸುಳಿಯದ ಕೋಣೆಯಲ್ಲಿ, ತನಗೆ ಬೇಸರವಾಗದ ಮಾತುಗಳನ್ನಷ್ಟೇ ಕೇಳುತ್ತ ಮಲಗಿದ ಮನುಷ್ಯ ಬಗ್ಗುವುದನ್ನು ಕಲಿಯುವುದಾದರೂ ಹೇಗೆ? ಹಿಂದಿನ ಬೆಂಚಿನ ಹುಡುಗಿಗೆ ನಾನು ಹೇಳದೆ ಉಳಿಸಿದ ಅರ್ಧ ಇದು.

ಇನ್ನು ನನ್ನ ಕೋಣೆಯ ಮಾತು.

1987ರ ಜನವರಿಯಲ್ಲಿ ನಮ್ಮ ರಾಜ್ಯದಲ್ಲಿ ಮಂಡಲ ಪಂಚಾಯಿತಿಗಳ ಚುನಾವಣೆ ನಡೆದದ್ದು ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು. ನಮ್ಮಪ್ಪ ಗೆದ್ದು ನಮ್ಮ ಮಂಡಲದ ಪ್ರಧಾನರಾದರು. ಸೈಕಲ್ ತುಳಿದುಕೊಂಡು ಹಳ್ಳಿ ಹಳ್ಳಿ ಸುತ್ತುತ್ತಿದ್ದವರು. ಮರುವರ್ಷ ದೀಪಾವಳಿ ಕಳೆದ ವಾರ ಬೆಳಿಗ್ಗೆ ಎದ್ದವರಿಗೆ ಬಲಗೈ, ಬಲಗಾಲು ಬರಲಿಲ್ಲ. ಬಾಯಿ ಸೊಟ್ಟಗಾಗಿತ್ತು. ಆಸ್ಪತ್ರೆಯಲ್ಲಿ ಇಪ್ಪತ್ತು ದಿನ ಇದ್ದು ಬಂದ ಮೇಲೆ ನಡುಮನೆಯ ಪಕ್ಕದ ಕೋಣೆಯಲ್ಲಿ ಮಲಗಿದರು. ಬಂದವರಿಗೆಲ್ಲ ಅಮ್ಮ, “ಬಿ.ಪಿ. ಜಾಸ್ತಿಯಾಗಿದೆ, ಡಾಕ್ಟರು ಮಾತಾಡಬೇಡಿ ಅಂದಿದ್ದಾರೆ” ಎಂದು ಹೇಳಿ, ಕಾಫಿ ಕೊಟ್ಟು, ಜಗಲಿಯಿಂದಲೇ ಕಳಿಸುತ್ತಿದ್ದರು. ನಾನಾಗ ಎರಡನೆಯ ಪಿ.ಯು.ಸಿ. ನನ್ನ ಅಕ್ಷರ ದುಂಡಗಿತ್ತು. ಪಂಚಾಯಿತಿ ಕಾಗದಗಳಿಗೆ ಉತ್ತರ ಬರೆಯುವವಳು ನಾನು. ಅಪ್ಪನ ಬೆರಳುಗಳ ನಡುವೆ ಪೆನ್ನಿಟ್ಟು, ಅವರ ಕೈಯನ್ನು ತನ್ನ ಕೈಯಿಂದ ಹಿಡಿದು ರುಜು ಹಾಕಿಸುವವರು ಅಮ್ಮ. ಉಪಪ್ರಧಾನರು ಎದುರು ಪಾರ್ಟಿಯವರು. ಅವರ ಕೈಗೆ ಅಧಿಕಾರ ಹೋದರೆ ಅಪ್ಪನ ಮರ್ಯಾದೆ ಹೋಯಿತೆಂದೇ ನಾವಿಬ್ಬರೂ ತಿಳಿದಿದ್ದೆವು. ಅದರಲ್ಲಿ ಆಸೆಬುರುಕತನ ಇರಲಿಲ್ಲ, ದೇವರಾಣೆಗೂ ಇರಲಿಲ್ಲ. ಎದ್ದು ಓಡಾಡಲಿ, ಅಷ್ಟರವರೆಗೆ ಕುರ್ಚಿ ಇರಲಿ, ಕುರ್ಚಿ ಹೋದರೆ ಜೀವವೂ ಹೋದೀತು ಎಂಬ ಹೆದರಿಕೆ.

ಆ ಬೇಸಿಗೆಯಲ್ಲಿ ನಮ್ಮ ಮಂಡಲದ ಹರಿಜನ ಕಾಲೋನಿಗೆ ಒಂದು ಬೋರ್‌ವೆಲ್ ಕೊರೆಸಬೇಕಿತ್ತು. ಎಲ್ಲಿ ಕೊರೆಯುವುದೆಂದು ಜಗಳ ಬಿದ್ದು, ಸಭೆ ಸೇರಿ ತೀರ್ಮಾನವಾಗಬೇಕಿತ್ತು. ಪ್ರಧಾನರ ಆರೋಗ್ಯ ಸುಧಾರಿಸಿದ ಮೇಲೆ ಸಭೆ ಎಂದು ನಾನು ಮೂರು ಸಲ ದುಂಡಗೆ ಬರೆದುಕೊಟ್ಟೆ. ಮೇ ತಿಂಗಳ ಒಂದು ಮಧ್ಯಾಹ್ನ ಅಲ್ಲಿಯ ಹೆಂಗಸೊಬ್ಬರು ಸೊಂಟದಲ್ಲಿ ಬರಿಗೊಡ ಇಟ್ಟುಕೊಂಡೇ ಬಂದು ಅಂಗಳದಲ್ಲಿ ನಿಂತರು. “ಅಮ್ಮಾವ್ರೇ, ಗೌಡ್ರಿಗೆ ಉಷಾರಾಗ್ಲಿ ಅಂತ ದೇವ್ರಿಗೆ ಕೈ ಮುಗೀತೀವಿ. ಆದ್ರೆ ನೀರು ಕೊಡೋದಕ್ಕೆ ಬೇರೆ ಯಾರೂ ಇಲ್ವ?” ಎಂದರು. ಜಗಳದ ದನಿಯೇ ಅಲ್ಲ. ಅಮ್ಮ ಮಾತಾಡಲಿಲ್ಲ. ಕೋಣೆಯ ಕಿಟಕಿ ತೆರೆದಿತ್ತು. ಆ ರಾತ್ರಿ ಅಪ್ಪ ಎಡಗೈ ಎತ್ತಿ ನನ್ನನ್ನು ಕರೆದು, ತೊದಲುತ್ತ ತಾವೇ ಹೇಳಿ ರಾಜೀನಾಮೆ ಬರೆಸಿದರು. ಎಡಗೈಯಿಂದ ಸೊಟ್ಟಗೆ ರುಜು ಹಾಕಿದರು. ಏಳು ತಿಂಗಳಲ್ಲಿ ಅವರೇ ಹಾಕಿದ ಮೊದಲ ರುಜು ಅದು. ಬೋರ್‌ವೆಲ್ ಉಪಪ್ರಧಾನರ ಕಾಲದಲ್ಲಿ ಬಂತು. ಆದರೆ ಆ ಬೇಸಿಗೆ ಅವರು ಹೊತ್ತ ನೀರನ್ನು ನಾನು ವಾಪಸು ಕೊಡಲಾರೆ.

ಹಾಗಾದರೆ ಕಾಯಿಲೆಯವರು ಅಧಿಕಾರ ಬಿಟ್ಟು ಮನೆಗೆ ಹೋಗಬೇಕೆ? ಅಷ್ಟು ಸುಲಭವಲ್ಲ. ಅಮೆರಿಕದ್ದೇ ಇನ್ನೊಂದು ಉದಾಹರಣೆ ನೋಡಿ. ಫ್ರ್ಯಾಂಕ್ಲಿನ್ ರೂಸ್‌ವೆಲ್ಟರಿಗೆ 1921ರಲ್ಲಿ, 39ನೆಯ ವಯಸ್ಸಿನಲ್ಲಿ, ಪೋಲಿಯೋ ಎಂದು ವೈದ್ಯರು ಹೇಳಿದ ಕಾಯಿಲೆ ಬಂದು ಎರಡು ಕಾಲೂ ಹೋದುವು. ಕಾಲಿಗೆ ಕಬ್ಬಿಣದ ಪಟ್ಟಿ ಬಿಗಿದುಕೊಂಡು, ಮಗನ ತೋಳು ಹಿಡಿದು ನಿಲ್ಲುತ್ತಿದ್ದ ಆ ಮನುಷ್ಯ ನಾಲ್ಕು ಸಲ ಅಧ್ಯಕ್ಷರಾಗಿ ಆರಿಸಿಬಂದು, ಬಡತನದ ದಿನಗಳನ್ನೂ ಮಹಾಯುದ್ಧವನ್ನೂ ನಿಭಾಯಿಸಿದರು. ಕಾಲಿಲ್ಲದ್ದಕ್ಕೆ ಅವರನ್ನು ಅನರ್ಹರೆಂದಿದ್ದರೆ ಅದು ದೇಶಕ್ಕೇ ನಷ್ಟ. ಆದರೆ ಅದೇ ರೂಸ್‌ವೆಲ್ಟ್ 1944ರಲ್ಲಿ ನಾಲ್ಕನೆಯ ಸಲ ನಿಂತಾಗ ಹೃದಯ ಸೋತಿತ್ತು, ರಕ್ತದೊತ್ತಡ ಮಿತಿಮೀರಿತ್ತು. ಜನರಿಗೆ ಅದನ್ನು ಹೇಳಲಿಲ್ಲ. 1945ರ ಏಪ್ರಿಲ್ 12ರಂದು ಅವರು ತೀರಿಕೊಂಡಾಗ ಉಪಾಧ್ಯಕ್ಷ ಟ್ರೂಮನ್‌ಗೆ ಅಣುಬಾಂಬಿನ ನಿಜವಾದ ವಿವರವೇ ಗೊತ್ತಿರಲಿಲ್ಲ. ಒಬ್ಬರೇ ಮನುಷ್ಯ, ಕಾಲಿನ ಊನ ರಾಜ್ಯಭಾರಕ್ಕೆ ಅಡ್ಡಿಯಾಗಲಿಲ್ಲ, ಮುಚ್ಚಿಟ್ಟ ಕಾಯಿಲೆ ದೇಶವನ್ನು ಕತ್ತಲೆಯಲ್ಲಿಟ್ಟಿತು.

ನಮ್ಮ ಕರ್ನಾಟಕದಲ್ಲಿ ಇದಕ್ಕೆ ಪೂರ್ತಿ ಉಲ್ಟಾ ನಡೆದಿದೆ. 1989ರಲ್ಲಿ ವೀರೇಂದ್ರ ಪಾಟೀಲರ ನೇತೃತ್ವದಲ್ಲಿ ಕಾಂಗ್ರೆಸ್ 178 ಸ್ಥಾನ ಗೆದ್ದು, ಅವರು ಮುಖ್ಯಮಂತ್ರಿಯಾದರು. ಮರುವರ್ಷ ಅವರಿಗೆ ಪಾರ್ಶ್ವವಾಯು ಬಡಿಯಿತು. ಅದೇ ಹೊತ್ತಿಗೆ ರಾಜ್ಯದಲ್ಲಿ ಕೋಮುಗಲಭೆಗಳು. 1990ರ ಅಕ್ಟೋಬರಿನಲ್ಲಿ ಬೆಂಗಳೂರಿಗೆ ಬಂದ ರಾಜೀವ್ ಗಾಂಧಿಯವರು ದೆಹಲಿಗೆ ಹಿಂದಿರುಗುವಾಗ ವಿಮಾನ ನಿಲ್ದಾಣದಲ್ಲಿ, ನಾಯಕನನ್ನು ಬದಲಿಸುವುದಾಗಿ ಹೇಳಿಬಿಟ್ಟರು. ಕೆಲವು ದಿನ ರಾಷ್ಟ್ರಪತಿ ಆಳ್ವಿಕೆ ಬಂದು, ಅಕ್ಟೋಬರ್ 17ರಂದು ಬಂಗಾರಪ್ಪನವರು ಮುಖ್ಯಮಂತ್ರಿಯಾದರು. ಮುಂದೆ 1994ರ ಚುನಾವಣೆಯಲ್ಲಿ ಆ ಪಕ್ಷ 34 ಸ್ಥಾನಕ್ಕಿಳಿಯಿತು. ಅದಕ್ಕೆ ಕಾರಣಗಳು ಹಲವು, ಆದರೆ ಆ ದಿನದ ನೋವನ್ನು ಜನ ಬಹುಕಾಲ ಮರೆಯಲಿಲ್ಲ.

ಆ ಸುದ್ದಿ ರೇಡಿಯೋದಲ್ಲಿ ಬಂದಾಗ ಅಪ್ಪ ಮಂಚದ ಮೇಲೆ ಒರಗಿ ಕುಳಿತಿದ್ದರು. ನಾನು ಹತ್ತಿರದಲ್ಲೇ ಇದ್ದೆ. ಕಣ್ಣಲ್ಲಿ ನೀರು ಬಂದಿತ್ತು. ಬಹಳ ಹೊತ್ತಿನ ಮೇಲೆ, “ಕೇ... ಕೇಳಬೇಕಿತ್ತು ಅವರನ್ನ” ಎಂದರು. ಅಷ್ಟೇ. ತಾನಾಗಿ ರಾಜೀನಾಮೆ ಕೊಟ್ಟವರ ಬಾಯಿಂದ ಬಂದ ಮಾತು ಅದು. ರೋಗಿಯನ್ನು ಬಚ್ಚಿಡುವುದು ಹೇಗೆ ತಪ್ಪೋ, ರೋಗಿಯ ಬೆನ್ನಹಿಂದೆ ಅವನ ಹಾಸಿಗೆ ಸುತ್ತುವುದೂ ಹಾಗೆಯೇ ತಪ್ಪು ಎಂಬುದು ನನಗೆ ತಿಳಿದದ್ದು ಆ ಸಂಜೆ.

ಮೇಷ್ಟರ ಕೆಲಸದಲ್ಲಿ ನಮಗೆ ಇದಕ್ಕೊಂದು ಸರಳ ಪದ್ಧತಿ ಇದೆ. ಕಾಯಿಲೆಯ ರಜಕ್ಕೆ ವೈದ್ಯರ ಸರ್ಟಿಫಿಕೇಟು ಕೊಡಬೇಕು. ಮತ್ತೆ ಬರುವಾಗ ಫಿಟ್‌ನೆಸ್ ಸರ್ಟಿಫಿಕೇಟು ತರಬೇಕು. ನಡುವೆ ನಮ್ಮ ಪೀರಿಯಡ್ಡನ್ನು ಬೇರೆಯವರು ತೆಗೆದುಕೊಳ್ಳುತ್ತಾರೆ. ಅದರಿಂದ ಯಾರ ಮರ್ಯಾದೆಯೂ ಹೋಗುವುದಿಲ್ಲ. ನಮ್ಮ ಸಂವಿಧಾನದ 65ನೆಯ ವಿಧಿಯಲ್ಲಿ, ರಾಷ್ಟ್ರಪತಿಗಳು ಕಾಯಿಲೆ ಬಿದ್ದರೆ ಅವರ ಕೆಲಸವನ್ನು ಉಪರಾಷ್ಟ್ರಪತಿ ನೋಡಿಕೊಳ್ಳಬೇಕೆಂದಿದೆ. 60 ದಿನ ಸದನದ ಅನುಮತಿಯಿಲ್ಲದೆ ಗೈರುಹಾಜರಾದ ಸಂಸದರ ಸ್ಥಾನವನ್ನು ಖಾಲಿಯೆಂದು ಸದನವೇ ಸಾರಬಹುದು. ಶಾಸಕರಿಗೂ ಅದೇ ನಿಯಮ. ಆದರೆ ಪ್ರಧಾನಮಂತ್ರಿಯೋ ಮುಖ್ಯಮಂತ್ರಿಯೋ ಹಾಸಿಗೆ ಹಿಡಿದರೆ ಯಾರು ಹೇಳಬೇಕು, ಯಾರು ನಡೆಸಬೇಕು ಎಂಬುದಕ್ಕೆ ಅಂಥ ವಿಧಿಯಿಲ್ಲ. 1964ರ ಜನವರಿಯಲ್ಲಿ ಭುವನೇಶ್ವರದಲ್ಲಿ ನೆಹರೂ ಕುಸಿದಾಗ ಶಾಸ್ತ್ರಿಯವರನ್ನು ಖಾತೆಯಿಲ್ಲದ ಮಂತ್ರಿ ಮಾಡಿ ಭಾರ ಹಂಚಿಕೊಂಡರು. ನಮ್ಮ ಮೇಲುಕೋಟೆಯಲ್ಲಿ ಹುಟ್ಟಿದ ಜಯಲಲಿತಾ 2016ರ ಸೆಪ್ಟೆಂಬರ್ 22ರಂದು ಆಸ್ಪತ್ರೆ ಸೇರಿ, ಡಿಸೆಂಬರ್ 5ರಂದು ತೀರಿಕೊಳ್ಳುವವರೆಗೆ 75 ದಿನ ಅವರ ಒಂದು ಚಿತ್ರವನ್ನೂ ತಮಿಳುನಾಡಿನ ಜನ ನೋಡಲಿಲ್ಲ. ಅವರ ಖಾತೆಗಳನ್ನು ಅಕ್ಟೋಬರ್ 11ರಂದು ಪನ್ನೀರ್‌ಸೆಲ್ವಂ ಅವರಿಗೆ ವಹಿಸಿದರು, ಸರಿ. ಆದರೆ ಕೋಣೆಯ ಒಳಗಿನ ಮೌನಕ್ಕೆ ಸಾವಿನ ಮೇಲೂ ಅನುಮಾನಗಳು ಹುಟ್ಟಿಕೊಂಡು, ವಿಚಾರಣಾ ಆಯೋಗ 2022ರವರೆಗೆ ನಡೆಯಿತು.

ಅಮೆರಿಕದವರು ವಿಲ್ಸನ್ನರ ಪಾಠ ಕಲಿಯಲು ಬಹಳ ಕಾಲ ಹಿಡಿಯಿತು. 1967ರಲ್ಲಿ ಅವರ ಸಂವಿಧಾನಕ್ಕೆ 25ನೆಯ ತಿದ್ದುಪಡಿ ಬಂತು. ಅಧ್ಯಕ್ಷರೇ ಒಂದು ಪತ್ರ ಬರೆದು ಅಧಿಕಾರವನ್ನು ತಾತ್ಕಾಲಿಕವಾಗಿ ಉಪಾಧ್ಯಕ್ಷರಿಗೆ ಕೊಡಬಹುದು. ಗುಣವಾದ ಮೇಲೆ ಇನ್ನೊಂದು ಪತ್ರ ಬರೆದು ಹಿಂದಕ್ಕೆ ಪಡೆಯಬಹುದು. ಬರೆಯುವ ಸ್ಥಿತಿಯಲ್ಲಿ ಇಲ್ಲದಿದ್ದರೆ ಉಪಾಧ್ಯಕ್ಷರೂ ಮಂತ್ರಿಗಳಲ್ಲಿ ಹೆಚ್ಚಿನವರೂ ಸೇರಿ ಹೇಳಬಹುದು. 2021ರ ನವೆಂಬರ್ 19ರಂದು ಅಧ್ಯಕ್ಷ ಬೈಡನ್ ವೈದ್ಯಕೀಯ ಪರೀಕ್ಷೆಗೆ ಅರಿವಳಿಕೆ ತೆಗೆದುಕೊಳ್ಳುವ ಮುನ್ನ ಅಂಥ ಪತ್ರ ಬರೆದರು. 85 ನಿಮಿಷ ಕಮಲಾ ಹ್ಯಾರಿಸ್ ಅಧ್ಯಕ್ಷರ ಅಧಿಕಾರ ನಡೆಸಿದರು. ಕಾನೂನಿನ ಪ್ರಕಾರ ಆ ಅಧಿಕಾರ ಪಡೆದ ಮೊದಲ ಹೆಂಗಸು ಆಕೆ.

ಈಡಿತ್ ಹದಿನೇಳು ತಿಂಗಳು ಆ ಬಾಗಿಲಲ್ಲಿ ನಿಂತಿದ್ದರು. ತಾನಾಗಿ ಒಂದು ತೀರ್ಮಾನವನ್ನೂ ಮಾಡಲಿಲ್ಲ, ಯಾವುದು ಮುಖ್ಯ, ಯಾವಾಗ ಗಂಡನ ಮುಂದಿಡಬೇಕು ಎಂಬುದನ್ನು ಮಾತ್ರ ನೋಡಿಕೊಂಡೆ ಎಂದು ಬರೆದುಕೊಂಡರು. ನಮ್ಮಮ್ಮನೂ ಕೊನೆಯವರೆಗೆ ಹಾಗೆಯೇ ಹೇಳುತ್ತಿದ್ದರು: “ನಾನೇನು ಮಾಡಿದೆ, ಕೈ ಹಿಡಿದೆ ಅಷ್ಟೆ.” ಅವರನ್ನು ಬೈಯುವ ಮನಸ್ಸು ನನಗಿಲ್ಲ, ದುಂಡಗೆ ಬರೆದುಕೊಟ್ಟವಳು ನಾನೇ. ಗಂಡನ ಪ್ರಾಣದ ಚಿಂತೆಯಲ್ಲಿರುವ ಹೆಂಗಸಿನ ಮೇಲೆ ಊರಿನ ಭಾರವನ್ನೂ ಹೊರಿಸಬಾರದು. ಹೊರಿಸದಂಥ ನಿಯಮ ಮೊದಲೇ ಇರಬೇಕು.

ಈಗ ರಾಷ್ಟ್ರಸಂಘದ ಪಾಠ ಬಂದಾಗ ಹತ್ತು ನಿಮಿಷ ಹೆಚ್ಚು ತೆಗೆದುಕೊಳ್ಳುತ್ತೇನೆ. ವಿಲ್ಸನ್ನರ ಕೋಣೆಯ ಕಥೆ ಹೇಳುತ್ತೇನೆ. ಬರಿಗೊಡದ ಕಥೆಯನ್ನು ಮಕ್ಕಳಿಗೆ ಇನ್ನೂ ಹೇಳಿಲ್ಲ. ಅದನ್ನು ಮೊದಲ ಸಲ ಹೇಳಿದ್ದು ನಿಮಗೇ.