ನೊಣದ ಮೂಗಿನ ಜಾಡು ಹಿಡಿದ ವೆರೋನಿಕಾ

ತಿಕೋಟಾ, ಬಬಲೇಶ್ವರದ ದ್ರಾಕ್ಷಿ ತೋಟಗಳಲ್ಲಿ ಉದುರಿ ಒಡೆದ ಹಣ್ಣನ್ನು ಎಳ್ಳುಕಾಳಿನಷ್ಟಿರುವ ನೊಣಗಳು ಮುತ್ತುತ್ತವೆ. ವಿಜಯಪುರದ ಮಾರುಕಟ್ಟೆಯ ಬಾಳೆಹಣ್ಣಿನ ಬುಟ್ಟಿಗೂ ಇವು ಹೊಸಬರಲ್ಲ. ಹಣ್ಣು ಹುಳಿಯತೊಡಗಿದ ಸುದ್ದಿಯನ್ನು ಇವುಗಳಿಗೆ ಮುಟ್ಟಿಸುವುದು ವಾಸನೆ. ನೊಣಕ್ಕೆ ಮೂಗಿಲ್ಲ, ತಲೆಯ ಮೇಲಿನ ಎರಡು ಮೀಸೆಗಳೇ ಮುಖ್ಯ. ಕೈಬೀಸಿ ಓಡಿಸುವ ಈ ಹಣ್ಣುನೊಣಕ್ಕಾಗಿ ವೆರೋನಿಕಾ ರಾಡ್ರಿಗಸ್ ಮೂವತ್ತಕ್ಕೂ ಹೆಚ್ಚು ವರ್ಷ ದುಡಿದರು.

ಗೋವಾ ಮೂಲದ ಕುಟುಂಬದ ವೆರೋನಿಕಾ 1953ರಲ್ಲಿ ಕೀನ್ಯಾದಲ್ಲಿ ಹುಟ್ಟಿದರು. ಡಬ್ಲಿನ್‌ನಲ್ಲಿ ಓದುತ್ತಿದ್ದಾಗ ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿ ಒಬೈದ್ ಸಿದ್ದಿಕಿ ಅವರ ಪ್ರಬಂಧಗಳನ್ನು ಓದಿ ಅವರಿಗೆ ಪತ್ರ ಬರೆದರು. ನಮ್ಮ ಪದವೀಧರರು ವಿದೇಶದ ವಿಮಾನ ಹತ್ತುತ್ತಿದ್ದ ಕಾಲದಲ್ಲಿ ಆಕೆ ಎದುರು ದಿಕ್ಕಿನಲ್ಲಿ ಬಂದರು.

ಸಾವಿರಾರು ವಾಸನೆಗಳನ್ನು ಪುಟ್ಟ ಮಿದುಳು ಹೇಗೆ ಬೇರೆಬೇರೆಯಾಗಿ ಗುರುತಿಸುತ್ತದೆ? ಇದು ಗುರು–ಶಿಷ್ಯರ ಪ್ರಶ್ನೆ. ವಂಶವಾಹಿ ಕೆಡಿಸಿದ ನೊಣಗಳನ್ನು ಕವಲೊಡೆದ ನಳಿಗೆಯಲ್ಲಿ ಬಿಟ್ಟರು. ಒಂದು ಕವಲಿನಲ್ಲಿ ವಾಸನೆ, ಇನ್ನೊಂದರಲ್ಲಿ ಬರೀ ಗಾಳಿ. ದಾರಿ ತಪ್ಪಿದವುಗಳನ್ನು ಆರಿಸಿ ಸಾಕಿದರು. ಅವುಗಳಲ್ಲಿ ಕೆಲವಕ್ಕೆ ಒಂದು ಬಗೆಯ ವಾಸನೆ ಮಾತ್ರ ತಿಳಿಯದು, ಉಳಿದವು ಚೆನ್ನಾಗಿಯೇ ತಿಳಿಯುತ್ತವೆ! ಹಾಗಾದರೆ ಎಲ್ಲ ವಾಸನೆಗೂ ಒಂದೇ ಬಾಗಿಲಿಲ್ಲ ಎಂದಾಯಿತು. 1978ರಲ್ಲಿ ಈ ಸಂಶೋಧನೆ ಪ್ರಕಟವಾಯಿತು. ಇಲಿಯಲ್ಲಿ ವಾಸನೆಯ ಗ್ರಾಹಕಗಳ ವಂಶವಾಹಿಗಳು ಸಿಕ್ಕಿದ್ದು 1991ರಲ್ಲಿ. ಅದಕ್ಕೆ 2004ರಲ್ಲಿ ನೊಬೆಲ್ ಬಂತು. ನೊಣದಲ್ಲಿ ಅವು ಸಿಗಲು 1999ರ ವರೆಗೆ ಕಾಯಬೇಕಾಯಿತು.

ಆದರೆ ಕೆಟ್ಟ ನೊಣ ದೋಷವಿದೆ ಎಂದು ಹೇಳೀತೇ ಹೊರತು ಅದು ಮೀಸೆಯಲ್ಲೋ ಮಿದುಳಿನಲ್ಲೋ ಎಂದು ಹೇಳದು. ಅದಕ್ಕೇ ವೆರೋನಿಕಾ ಜರ್ಮನಿಯ ಟ್ಯೂಬಿಂಗನ್‌ನಲ್ಲಿ ಎರಿಕ್ ಬುಕ್ನರ್ ಜೊತೆ ಬೇರೆ ಹಾದಿ ಹಿಡಿದರು. ದುಡಿಯುವ ನರಕೋಶ ಹೆಚ್ಚು ಸಕ್ಕರೆ ಹೀರುತ್ತದೆ. ವಿಕಿರಣದ ಗುರುತುಳ್ಳ ಸಕ್ಕರೆಯಂಥ ವಸ್ತುವನ್ನು ಕೊಟ್ಟು ವಾಸನೆ ತೋರಿಸಿದರೆ, ಮಿದುಳಿನಲ್ಲಿ ಯಾವ ನರಗಂಟು ಕೆಲಸ ಮಾಡಿತೆಂದು ತಿಳಿಯುತ್ತದೆ. ಒಂದೊಂದು ವಾಸನೆಗೆ ಒಂದೊಂದು ಬಗೆಯ ಗಂಟುಗಳು ಎಚ್ಚರಗೊಳ್ಳುತ್ತವೆ ಎಂಬುದು ಹೀಗೆ ಕಂಡಿತು.

ಮತ್ತೆ ಮುಂಬೈ. ಕೊನೆಯ ವರ್ಷಗಳು ಬೆಂಗಳೂರಿನ ಜಿಕೆವಿಕೆ ಆವರಣದಲ್ಲಿ ಸಿದ್ದಿಕಿಯವರೇ ಕಟ್ಟಿದ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ. ಮಣೂಕ ಶೆಡ್ಡಿನಲ್ಲಿ ದಿನವಿಡೀ ದುಡಿಯುವವರಿಗೆ ಅಲ್ಲಿನ ವಾಸನೆ ಗೊತ್ತಾಗದಂತಾಗುತ್ತದಲ್ಲ, ನೊಣಕ್ಕೂ ಹಾಗೇ. ಮಿದುಳಿನಲ್ಲಿ ಅದನ್ನು ಅಡಗಿಸುವವರು ಯಾರು? ಸಂಗಡಿಗರೊಡನೆ ಆಕೆ ಹುಡುಕಿದ ಉತ್ತರ, ಸುತ್ತಲಿನ ಚಟುವಟಿಕೆಯನ್ನು ತಡೆಯುವ ಕೆಲವು ನರಕೋಶಗಳು. ಕ್ಯಾನ್ಸರ್‌ನಿಂದ ವೆರೋನಿಕಾ 2010ರ ನವೆಂಬರ್ 10ರಂದು ತೀರಿಕೊಂಡರು. ಆ ಪ್ರಬಂಧ ಅವರ ಹೆಸರನ್ನೂ ಹೊತ್ತು ಅಚ್ಚಾದದ್ದು 2011ರಲ್ಲಿ.