ಹಳೆಯ ಬಡಾವಣೆಯ ದೊಡ್ಡ ಮನೆ: ಬೆಲೆ ಕಟ್ಟುವ ಮುನ್ನ

ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರಗಳು 1898ರ ಪ್ಲೇಗ್ ಪಿಡುಗಿನ ಹಿನ್ನೆಲೆಯಲ್ಲಿ ಬೆಳೆದ ಬಡಾವಣೆಗಳು. ಗಾಳಿ, ಬೆಳಕು, ಅಗಲವಾದ ರಸ್ತೆ ಹಾಗೂ ಮನೆಯ ಸುತ್ತ ಬಯಲು ಇವುಗಳ ಲಕ್ಷಣ. ಸ್ವಾತಂತ್ರ್ಯಾನಂತರ ತಲೆಯೆತ್ತಿದ ಜಯನಗರವೂ ಇದೇ ಹಾದಿಯಲ್ಲಿ ಸಾಗಿತು. ಇಲ್ಲಿನ ಹಳೆಯ ಮನೆಗಳು ಈಗ ಒಂದೊಂದಾಗಿ ಮಾರಾಟಕ್ಕೆ ಬರುತ್ತಿವೆ. ಇಂಥ ಮನೆಯನ್ನು ಕೊಳ್ಳುವವರಿಗೆ ಅದು ಜೀವಮಾನದ ಉಳಿತಾಯ; ಮಾರುವ ಕುಟುಂಬಕ್ಕೆ ಒಡಹುಟ್ಟಿದವರ ನಡುವಣ ಬಾಂಧವ್ಯದ ಪರೀಕ್ಷೆ. ಆದ್ದರಿಂದ ಮೌಲ್ಯಮಾಪನದಲ್ಲಿ ಅವಸರ ಸಲ್ಲದು.

ನೆಲದ ಬೆಲೆ, ಕಟ್ಟಡದ ಬೆಲೆ

ಹಳೆಯ ಮನೆಯ ಬೆಲೆಯಲ್ಲಿ ಸಿಂಹಪಾಲು ನೆಲದ್ದು. ಕಟ್ಟಡದ ಬೆಲೆಯನ್ನು ಸವಕಳಿ ಕಳೆದು ಲೆಕ್ಕ ಹಾಕುವುದು ವಾಡಿಕೆ. ಉದಾಹರಣೆಗೆ, 1,500 ಚದರ ಅಡಿಯ ಮನೆಯನ್ನು ಇಂದು ಕಟ್ಟಲು ಚದರ ಅಡಿಗೆ ರೂ. 2,000ದಂತೆ ರೂ. 30 ಲಕ್ಷ ಬೇಕು ಎಂದು ಭಾವಿಸೋಣ. ಮನೆಯ ವಯಸ್ಸು 40 ವರ್ಷ, ಒಟ್ಟು ಆಯುಷ್ಯ 60 ವರ್ಷ, ಕೊನೆಗೆ ಉಳಿಯುವ ಸಾಮಗ್ರಿಯ ಮೌಲ್ಯ ಶೇ 10 ಎಂದಾದರೆ ಸವಕಳಿ ಶೇ 60. ಅಂದರೆ ಕಟ್ಟಡಕ್ಕೆ ದಕ್ಕುವುದು ರೂ. 12 ಲಕ್ಷ ಮಾತ್ರ. ತೇಗದ ಬಾಗಿಲು, ಕಿಟಕಿ, ತೊಲೆಗಳಿದ್ದರೆ ಅವುಗಳಿಗೆ ಪ್ರತ್ಯೇಕ ಬೆಲೆಯುಂಟು. ಸರ್ಕಾರದ ಮಾರ್ಗಸೂಚಿ ದರವು ನೋಂದಣಿಗೆ ಆಧಾರವೇ ಹೊರತು ಮಾರುಕಟ್ಟೆ ಬೆಲೆಯಲ್ಲ. ಅದೇ ರಸ್ತೆಯಲ್ಲಿ ಇತ್ತೀಚೆಗೆ ನಡೆದ ಕ್ರಯಗಳನ್ನು ವಿಚಾರಿಸುವುದು ಒಳಿತು.

ಕಟ್ಟಡದ ಪರೀಕ್ಷೆ

ಮೊದಲು ಚಾವಣಿಯನ್ನು ನೋಡಬೇಕು. ಮದ್ರಾಸ್ ತಾರಸಿಯಲ್ಲಿ ಮರದ ತೊಲೆಗಳ ಮೇಲೆ ಇಟ್ಟಿಗೆಯನ್ನು ಸುಣ್ಣದ ಗಾರೆಯಲ್ಲಿ ಕೂರಿಸಿರುತ್ತಾರೆ. ಗೋಡೆಯೊಳಗೆ ಹುದುಗಿರುವ ತೊಲೆಯ ತುದಿಗಳೇ ಮೊದಲು ಗೆದ್ದಲಿಗೂ ತೇವಕ್ಕೂ ತುತ್ತಾಗುತ್ತವೆ. ಹೆಂಚಿನ ಮನೆಯಾದರೆ ಜಂತೆಗಳು ಬಾಗಿವೆಯೇ ನೋಡಬೇಕು. ಕಾಂಕ್ರೀಟ್ ಚಾವಣಿಯ ಗಾರೆ ಉದುರಿ ತುಕ್ಕು ಹಿಡಿದ ಸರಳು ಕಾಣುತ್ತಿದ್ದರೆ ರಚನಾ ಎಂಜಿನಿಯರ್ ಸಲಹೆ ಅನಿವಾರ್ಯ. ಸುಣ್ಣದ ಗಾರೆಯ ಗೋಡೆಗೆ ಮೇಲಿನಿಂದ ಸಿಮೆಂಟ್ ಬಳಿದಿದ್ದರೆ ತೇವ ಹೊರಹೋಗಲಾರದೆ ಒಳಗೇ ಉಳಿಯುತ್ತದೆ. ಹಳೆಯ ವೈರಿಂಗ್, ತುಕ್ಕು ಹಿಡಿದ ನೀರಿನ ಕೊಳವೆ ಹಾಗೂ ಒಳಚರಂಡಿಗಳನ್ನು ಬದಲಿಸುವ ವೆಚ್ಚವನ್ನು ಮೊದಲೇ ಲೆಕ್ಕಕ್ಕೆ ಹಿಡಿಯಬೇಕು. ಪರಿಶೀಲನೆಗೆ ಮಳೆಗಾಲವೇ ಪ್ರಶಸ್ತ. ಹೊಸ ಸುಣ್ಣಬಣ್ಣ ಮರೆಮಾಚಿದ್ದನ್ನು ಮಳೆ ಬಯಲಿಗೆಳೆಯುತ್ತದೆ. 60x40 ಅಡಿ ಹಾಗೂ ಅದಕ್ಕಿಂತ ದೊಡ್ಡ ನಿವೇಶನಗಳ ಹಳೆಯ ಕಟ್ಟಡಗಳಿಗೂ ಮಳೆನೀರು ಸಂಗ್ರಹ ವ್ಯವಸ್ಥೆಯನ್ನು ಜಲಮಂಡಳಿ 2009ರಲ್ಲಿ ಕಡ್ಡಾಯಗೊಳಿಸಿದ್ದನ್ನೂ ಮರೆಯಬಾರದು.

ನಿವೇಶನವನ್ನು ಅಳತೆ ಮಾಡಿಸಿ ಕ್ರಯಪತ್ರದ ಚಕ್ಕುಬಂದಿಯೊಂದಿಗೆ ತಾಳೆ ನೋಡುವುದು ಅಗತ್ಯ. ಹಳೆಯ ಬಡಾವಣೆಗಳಲ್ಲಿ ಮನೆಗಳ ಹಿಂದೆ ಪೌರಕಾರ್ಮಿಕರ ಓಡಾಟಕ್ಕೆಂದು ಬಿಟ್ಟ ಓಣಿಗಳಿದ್ದವು. ಅವು ಸಾರ್ವಜನಿಕ ಜಾಗ. ಹಿತ್ತಿಲಿಗೆ ಸೇರಿಸಿಕೊಂಡ ಅಂಥ ಓಣಿಗೆ ಹಣ ತೆರುವುದು ವ್ಯರ್ಥ.

ಹಕ್ಕುದಾರರು ಯಾರು?

ಅತ್ಯಂತ ಸೂಕ್ಷ್ಮವಾದ ಪ್ರಶ್ನೆ ಇದು. ಖಾತೆಯು ತೆರಿಗೆಗೆ ಸಂಬಂಧಿಸಿದ ದಾಖಲೆ. ಅದರಿಂದ ಒಡೆತನ ಸಿದ್ಧವಾಗದು. ಮೂಲ ಕ್ರಯಪತ್ರ, ವಿಭಾಗಪತ್ರ, ಮರಣ ಪ್ರಮಾಣಪತ್ರ ಹಾಗೂ ವಂಶವೃಕ್ಷಗಳನ್ನು ವಕೀಲರಿಂದ ಪರಿಶೀಲಿಸಬೇಕು. ಋಣಭಾರ ಪ್ರಮಾಣಪತ್ರವು 2004ರ ಏಪ್ರಿಲ್ 1ರಿಂದೀಚಿನ ಅವಧಿಗೆ ಕಾವೇರಿ ಜಾಲತಾಣದಲ್ಲಿ ಲಭ್ಯ. ಅದಕ್ಕೂ ಹಿಂದಿನ ಅವಧಿಗೆ ಉಪನೋಂದಣಾಧಿಕಾರಿ ಕಚೇರಿಯನ್ನು ಸಂಪರ್ಕಿಸಬೇಕು. ನೋಂದಣಿಯಾಗದ ಉಯಿಲು, ಬಾಯಿಮಾತಿನ ಪಾಲುಪಟ್ಟಿ ಇದರಲ್ಲಿ ಕಾಣಸಿಗವು.

ಹೆಣ್ಣುಮಕ್ಕಳ ಸಹಿ ಬಹಳ ಮುಖ್ಯ. ಹಿಂದೂ ತಂದೆಯೊಬ್ಬರು ಉಯಿಲು ಬರೆಯದೆ ತೀರಿಕೊಂಡಿದ್ದರೆ ಅವರ ಸ್ವಯಾರ್ಜಿತ ಮನೆಯಲ್ಲಿ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ಬದುಕಿದ್ದರೆ ತಾಯಿ ಸಮಪಾಲುದಾರರು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಹುಟ್ಟಿನಿಂದಲೇ ಹಕ್ಕು ನೀಡುವ ತಿದ್ದುಪಡಿ 2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂತು. ಅಂದು ತಂದೆ ಬದುಕಿರಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಸ್ಪಷ್ಟಪಡಿಸಿತು. 2004ರ ಡಿಸೆಂಬರ್ 20ಕ್ಕೆ ಮೊದಲೇ ನೋಂದಾಯಿತ ಪತ್ರ ಅಥವಾ ನ್ಯಾಯಾಲಯದ ಡಿಕ್ರಿಯ ಮೂಲಕ ಆಗಿರುವ ವಿಭಾಗಗಳಿಗೆ ಈ ತಿದ್ದುಪಡಿಯಿಂದ ಬಾಧೆಯಿಲ್ಲ. ‘ಅಕ್ಕ ತನ್ನ ಪಾಲು ಬೇಡವೆಂದಿದ್ದಾಳೆ’ ಎಂಬ ಮಾತು ಸಾಲದು. ನೋಂದಾಯಿತ ಹಕ್ಕುಖುಲಾಸೆ ಪತ್ರವಿರಬೇಕು, ಇಲ್ಲವೇ ಕ್ರಯಪತ್ರಕ್ಕೆ ಆಕೆಯೂ ಸಹಿ ಹಾಕಬೇಕು.

ಇತರ ವೆಚ್ಚ

ನೋಂದಣಿ ಶುಲ್ಕವನ್ನು ರಾಜ್ಯ ಸರ್ಕಾರ 2025ರ ಆಗಸ್ಟ್ 31ರಿಂದ ಶೇ 1ರಿಂದ ಶೇ 2ಕ್ಕೆ ಏರಿಸಿದೆ. ಮುದ್ರಾಂಕ ಶುಲ್ಕ, ಸೆಸ್ ಹಾಗೂ ಸರ್ಚಾರ್ಜ್ ಇದಕ್ಕೆ ಹೊರತು. ಮಾರುವವರಲ್ಲಿ ವಿದೇಶವಾಸಿಗಳಿದ್ದರೆ ಮೂಲದಲ್ಲೇ ತೆರಿಗೆ ಕಡಿತದ ನಿಯಮ ಬೇರೆಯಾದ್ದರಿಂದ ಲೆಕ್ಕಪರಿಶೋಧಕರ ಸಲಹೆ ಪಡೆಯಬೇಕು.

ಹಳೆಯ ಮನೆಯ ಹಜಾರ, ಹಿತ್ತಿಲು, ಮರದ ನೆರಳು ಯಾರ ಮನಸ್ಸನ್ನಾದರೂ ಸೆಳೆದಾವು. ಆದರೆ ತೊಲೆ ಗಟ್ಟಿಯಾಗಿದ್ದು, ಅಳತೆ ಸರಿಹೊಂದಿ, ಹಕ್ಕುದಾರರೆಲ್ಲರ ಸಹಿ ಬಿದ್ದ ಮೇಲಷ್ಟೇ ಆ ಮನೆಯಲ್ಲಿ ನೆಮ್ಮದಿಯ ನಿದ್ರೆ ಸಾಧ್ಯ.