ಒಪ್ಪಿಸುವವನೂ ಕೇಳಿಸಿಕೊಳ್ಳುವವನೂ

ದೊಡ್ಡಬಳ್ಳಾಪುರದ ಮುಸ್ಲಿಮರ ಹಳೆಯ ಕಾಲ ಎಂದೊಡನೆ ಜನ ಶಿರಾ ಸುಬೇದಾರಿಕೆ, ಇಲ್ಲಿನ ಜಾಗೀರುದಾರ ಅಬ್ಬಾಸ್ ಕುಲಿಖಾನ, ಹೈದರ್ ಅಲಿಯ ಬಾಲ್ಯ, ಪಕ್ಕದ ದೇವನಹಳ್ಳಿಯಲ್ಲಿ ಹುಟ್ಟಿದ ಟಿಪ್ಪು ಎಂದು ಶುರುಮಾಡುತ್ತಾರೆ. ನನಗೆ ಬೇಕಾದದ್ದು ಒಂದು ಬಡ ಕಸುಬಿನ ಕಥೆ: ಹುಡುಗರಿಗೆ ಕುರ್‌ಆನ್ ಬಾಯಿಪಾಠ ಮಾಡಿಸುವುದು. ಆ ಪಾಠದ ಚಾಪೆಯ ಮೇಲೆ ನಾನೂ ಕೂತವನೇ.

ಈ ಕಸುಬಿನ ಬೇರು ಹಳೆಯದು. ಕ್ರಿ.ಶ. 633ರ ಸುಮಾರಿನಲ್ಲಿ ಅರಬ್ ನಾಡಿನ ಯಮಾಮಾ ಕಾಳಗದಲ್ಲಿ ಬಾಯಿಪಾಠ ಬಲ್ಲವರು ಬಹಳ ಮಂದಿ ಸತ್ತರು. ಆಮೇಲೆಯೇ ಖಲೀಫ ಅಬೂಬಕರ್ ಅವರು ಜೈದ್ ಬಿನ್ ಸಾಬಿತ್ ಕೈಯಲ್ಲಿ ಇಡೀ ಕುರ್‌ಆನನ್ನು ಒಂದೆಡೆ ಬರೆಸಿದರೆಂದು ಪರಂಪರೆ ಹೇಳುತ್ತದೆ. ಇತ್ತ ಕನ್ನಡ ನಾಡಿನಲ್ಲಿ ಬೀದರಿನ ಗವಾನ್ ಮದರಸಾ 1472ರದು. ಬೆಂಗಳೂರಿನ ಸಬೀಲುರ್ರಶಾದ್ ಮದರಸಾ 1960ರದು. ಜನರ ಬಾಯಲ್ಲಿ ಅದು ಬರೀ ‘ಅರೇಬಿಕ್ ಕಾಲೇಜು’.

ಬಾಯಿಪಾಠದ ಕ್ರಮ ಹಳೆಯದೇ. ಬೆಳಗಿನ ಫಜರ್ ನಮಾಜು ಮುಗಿದೊಡನೆ ಸಬಕ್, ಅಂದರೆ ಹೊಸ ಪಾಠ. ಆಮೇಲೆ ಸಬಕೀ, ಈಚಿನ ದಿನಗಳದ್ದು. ಕೊನೆಗೆ ಆಮೋಖ್ತಾ, ಹಳೆಯದೆಲ್ಲ. ಹೊಸ ಪುಟ ಯಾರಿಗಾದರೂ ಹತ್ತುತ್ತದೆ, ಹುಡುಗರು ಮುಗ್ಗರಿಸುವುದು ಆಮೋಖ್ತಾದಲ್ಲೇ. ಮೂಸಾ ಪೈಗಂಬರರ ಕಥೆ ಹಲವು ಸೂರಾಗಳಲ್ಲಿ, ಅಂದರೆ ಅಧ್ಯಾಯಗಳಲ್ಲಿ, ಬರುತ್ತದೆ, ಕೆಲವು ಸಾಲುಗಳಲ್ಲಿ ಒಂದೆರಡು ಪದ ಮಾತ್ರ ಬೇರೆ. ಹನ್ನೊಂದರ ಮಗ್ಗಿ ಹೇಳುತ್ತಾ ಹದಿಮೂರಕ್ಕೆ ಜಾರಿದ ಹಾಗೆ ಹುಡುಗ ಒಂದು ಸೂರಾದಿಂದ ಇನ್ನೊಂದಕ್ಕೆ ಜಾರಿಬಿಡುತ್ತಾನೆ, ಅವನಿಗೇ ಗೊತ್ತಾಗುವುದಿಲ್ಲ. ಒಳ್ಳೆಯ ಹಜರತ್, ಅಂದರೆ ಗುರು, ಆಗ ಪದ ಹೇಳಿಕೊಡುವುದಿಲ್ಲ. ಹಲಗೆ ತಟ್ಟಿ ಸುಮ್ಮನಾಗುತ್ತಾರೆ. ಬೆತ್ತ ಹಿಡಿದವರನ್ನೂ ನೋಡಿದ್ದೇನೆ. ಬೆತ್ತದಿಂದ ಕಲಿತದ್ದು ಬೆತ್ತ ಕಣ್ಮರೆಯಾದ ಕೂಡಲೇ ಹೋಗುತ್ತದೆ.

ಈ ಕಸುಬನ್ನು ನಿಜಕ್ಕೂ ಹಗುರಮಾಡಿದ್ದು ಅಚ್ಚಿನ ಯಂತ್ರ. ಹದಿನೈದು ಸಾಲಿನ ಹಾಫಿಜಿ ಕುರ್‌ಆನಿನಲ್ಲಿ ಪ್ರತಿ ಪುಟವೂ ಆಯತಿನ (ವಾಕ್ಯದ) ಕೊನೆಗೇ ಮುಗಿಯುತ್ತದೆ, ಒಂದು ಪಾರೆಗೆ, ಅಂದರೆ ಮೂವತ್ತರಲ್ಲೊಂದು ಭಾಗಕ್ಕೆ, ಸುಮಾರು ಇಪ್ಪತ್ತು ಪುಟ. ಹುಡುಗನಿಗೆ ಪದದ ಜೊತೆಗೆ ಜಾಗವೂ ನೆನಪಿರುತ್ತದೆ: ಬಲಪುಟ, ಮೇಲಿಂದ ಮೂರನೇ ಸಾಲು. ಪ್ರತಿ ಬದಲಾದರೆ ತಡವರಿಸುತ್ತಾನೆ. ಟಿಪ್ಪುವಿನ ಗ್ರಂಥಾಲಯದ ಹೊನ್ನಿನ ಅಲಂಕಾರದ ಪ್ರತಿಗಳಿಗಿಂತ ಈ ಅಗ್ಗದ ಪುಸ್ತಕದ ಉಪಕಾರವೇ ದೊಡ್ಡದೆಂದು ನನ್ನ ಎಣಿಕೆ.

ರಂಜಾನಿನ ರಾತ್ರಿ ನಮಾಜಾದ ತರಾವೀಹ್‌ನಲ್ಲಿ ಮುಂದೆ ನಿಂತು ಓದುವ ಹಾಫಿಜರಿಗೆ, ಅಂದರೆ ಪೂರ್ತಿ ಬಾಯಿಪಾಠ ಬಲ್ಲವರಿಗೆ, ತಪ್ಪು ತಿದ್ದಲು ಮೊದಲ ಸಾಲಿನಲ್ಲಿ ಇನ್ನೊಬ್ಬ ಹಾಫಿಜ್ ನಿಂತಿರುತ್ತಾರೆ, ಅವರಿಗೆ ಸಾಮೇ ಎನ್ನುತ್ತಾರೆ. ಅವರು ಎತ್ತಿಕೊಡುವ ಪದವೇ ಲುಕ್ಮಾ. ಎಂಥ ಹಾಫಿಜರಿಗೂ ಲುಕ್ಮಾ ತಪ್ಪಿದ್ದಲ್ಲ.

ಮೂವತ್ತು ಪಾರೆ ಮುಗಿಸಿದ ಹುಡುಗರು ಆಮೇಲೆ ಮಗ್ಗಕ್ಕೋ ಗ್ಯಾರೇಜಿಗೋ ಸೇರುತ್ತಾರೆ. ಕೇಳುವವರಿಲ್ಲದೆ ಕಲಿತದ್ದು ಸವೆಯುತ್ತದೆ. ನಿಮ್ಮ ಮನೆಯಲ್ಲಿ ಅಂಥ ಹುಡುಗನಿದ್ದರೆ ಹಾರ ಹಾಕಿ ಕೈತೊಳೆದುಕೊಳ್ಳಬೇಡಿ. ಪುಸ್ತಕ ತೆರೆದಿಟ್ಟುಕೊಂಡು ದಿನಕ್ಕೊಂದು ಪಾರೆ ಒಪ್ಪಿಸಿಕೊಳ್ಳಿ. ತಿಂಗಳಿಗೆ ಪೂರ್ತಿ ಆಗುತ್ತದೆ.